ಹೊಗೆಯ ಬಣ್ಣ, ವೋಲ್ಟಿನ ಅಂಕಿ: ರಾಯಚೂರು ಸೀಮೆಯ ಮೋಟಾರು ದುರಸ್ತಿಯ ಕಸುಬು

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ರಾಯಚೂರು ದೋಆಬಿನ ಚರಿತ್ರೆಯಲ್ಲಿ 1520ರ ಕದನಕ್ಕೂ, ಕೋಟೆ ಕೊತ್ತಲಗಳಿಗೂ, ಮಾನ್ವಿ ಸೀಮೆಯ ಹರಿದಾಸರಿಗೂ ದೊರೆತಿರುವ ಸ್ಥಾನ ಸಹಜವಾದುದೇ ಆದರೂ, ಕಳೆದ ಹಲವು ದಶಕಗಳಿಂದ ಇಲ್ಲಿನ ಜನರ ಓಡಾಟವನ್ನೂ ವ್ಯಾಪಾರವನ್ನೂ ನಿಲ್ಲದಂತೆ ನೋಡಿಕೊಂಡ ಮೋಟಾರು ದುರಸ್ತಿಯ ಕಸುಬು ಬರೆಹಕ್ಕೆ ಬಂದಿರುವುದು ತೀರ ಕಡಿಮೆ. ಈ ಕಸುಬಿಗೆ ಶಾಸನಗಳಿಲ್ಲ, ದಫ್ತರಗಳೂ ಇಲ್ಲ. ಇದು ಕೈಯಿಂದ ಕೈಗೆ ದಾಟಿದ ವಿದ್ಯೆ. ಆದರೆ ಎಂಜಿನ್ನಿನೊಳಗೆ ಗಾಳಿಯೂ ಪೆಟ್ರೋಲೂ ಯಾವ ಪ್ರಮಾಣದಲ್ಲಿ ಬೆರೆಯುತ್ತಿವೆ ಎಂಬ ಒಂದೇ ಪ್ರಶ್ನೆಯನ್ನು ಹಿಡಿದು ಹೊರಟರೆ, ಅದಕ್ಕೆ ಮೊದಲು ಕಿವಿ ಮೂಗುಗಳಿಂದ, ಆಮೇಲೆ ಆಕ್ಸಿಜನ್ ಸೆನ್ಸರ್ ಎಂಬ ಬೆರಳುದ್ದದ ಉಪಕರಣದಿಂದ ಉತ್ತರ ಪಡೆಯಲಾದ ಬಗೆಯಲ್ಲಿಯೇ ಈ ಕಸುಬಿನ ಚರಿತ್ರೆಯ ಮುಖ್ಯ ತಿರುವು ಕಾಣಸಿಗುತ್ತದೆ. ಎರಡನೆಯ ಬಗೆ ಬಂದ ಮೇಲೆ ಮೊದಲನೆಯದು ಅನಗತ್ಯವಾಯಿತೆಂಬ ತಿಳಿವಳಿಕೆ ವ್ಯಾಪಕವಾಗಿದ್ದರೂ ಅದು ಸರಿಯಲ್ಲ.

ರಾಯಚೂರು ಯಂತ್ರಗಳ ಲೋಕಕ್ಕೆ ತೆರೆದುಕೊಂಡದ್ದು ರೈಲಿನಿಂದ. ಮುಂಬಯಿ ಕಡೆಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಹಳಿಯೂ ಮದ್ರಾಸು ರೈಲ್ವೆಯ ಹಳಿಯೂ 1871ರಲ್ಲಿ ಕೂಡಿದ್ದು ಇದೇ ಊರಿನಲ್ಲಿ. ರಸ್ತೆಯ ಮೇಲಿನ ಸಾರಿಗೆ ಮಾತ್ರ ಹೈದರಾಬಾದಿನ ಕಡೆಗೆ ಮುಖ ಮಾಡಿತು. ನಿಜಾಮ್ ಸ್ಟೇಟ್ ರೈಲ್ವೆಯ ರಸ್ತೆ ಸಾರಿಗೆ ವಿಭಾಗವು 1932ರ ಜೂನ್ ತಿಂಗಳಲ್ಲಿ 27 ಬಸ್ಸುಗಳು ಮತ್ತು 166 ಮಂದಿ ನೌಕರರೊಂದಿಗೆ ಆರಂಭವಾದಾಗ ರಾಯಚೂರು ನಿಜಾಮರ ಹೈದರಾಬಾದ್ ಸಂಸ್ಥಾನದ ಒಂದು ಜಿಲ್ಲೆಯಾಗಿತ್ತು; 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ನಂತರ ಸಂಸ್ಥಾನ ಭಾರತದಲ್ಲಿ ವಿಲೀನವಾಗಿ, 1956ರ ನವೆಂಬರ್ 1ರಂದು ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿತಾದರೂ, ಗ್ಯಾರೇಜುಗಳ ಮಾತು ಹೈದರಾಬಾದಿ ಉರ್ದುವಿನ ಜಾಡನ್ನು ಬಿಡಲಿಲ್ಲ. ಇಂದಿಗೂ ಇಲ್ಲಿ ಸ್ಪ್ಯಾನರು ಪಾನಾ, ಕಸುಬಿನ ಹಿರಿಯ ಉಸ್ತಾದ್, ಒಂದು ಲೀಟರಿಗೆ ಗಾಡಿ ಓಡುವ ದೂರ ‘ಆವರೇಜ್’. ಬೆಂಗಳೂರಿಗಿಂತ ಹೈದರಾಬಾದು ಅರ್ಧ ದಾರಿಯಷ್ಟೇ ದೂರವಿರುವುದರಿಂದ, ಅಪರೂಪದ ಬಿಡಿಭಾಗ ಬೇಕಾದಾಗ ಅಂಗಡಿಯವರ ಫೋನು ಮೊದಲು ಹೋಗುವುದು ಆ ಕಡೆಗೇ ಎಂಬುದರಲ್ಲಿ ಆಶ್ಚರ್ಯವಿಲ್ಲ.

ಉಸ್ತಾದರ ಕೈಕೆಳಗೆ ಹತ್ತು ಹನ್ನೆರಡರ ವಯಸ್ಸಿಗೇ ಸೇರಿದ ಹುಡುಗರು ಪಾನಾ ತೊಳೆದು, ಡೀಸೆಲ್‌ನಲ್ಲಿ ನಟ್ಟು ಬೋಲ್ಟು ನೆನೆಸಿ, ವರ್ಷಗಟ್ಟಲೆ ನೋಡಿ ಕಲಿಯುತ್ತಿದ್ದ ವಿದ್ಯೆಯ ತಿರುಳು ಕಾರ್ಬೋರೇಟರ್ ಆಗಿತ್ತು. ಎಂಜಿನ್ ಒಳಗೆಳೆದುಕೊಳ್ಳುವ ಗಾಳಿಯ ವೇಗದಿಂದಲೇ ಪೆಟ್ರೋಲನ್ನು ಸಣ್ಣ ರಂಧ್ರದ ಮೂಲಕ ಹೀರಿ ಹನಿಹನಿಯಾಗಿ ಬೆರೆಸುವ ಈ ಸಾಧನ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳಲ್ಲಿಯೂ, 1983ರ ಡಿಸೆಂಬರಿನಿಂದ ಬರತೊಡಗಿದ ಮಾರುತಿ 800ರಲ್ಲಿಯೂ ಇತ್ತು. ಪೆಟ್ರೋಲು ಹೆಚ್ಚಾದರೆ ಸೈಲೆನ್ಸರಿನಿಂದ ಕರಿ ಹೊಗೆ ಬಂದು ಕಣ್ಣು ಉರಿಯುತ್ತದೆ, ಪ್ಲಗ್ಗಿನ ತುದಿಗೆ ಕಾಡಿಗೆಯಂಥ ಮಸಿ ಕೂರುತ್ತದೆ; ಕಡಿಮೆಯಾದರೆ ಎಂಜಿನ್ ಕೆಮ್ಮಿ, ಪಿಕಪ್ ಸತ್ತು, ಪ್ಲಗ್ಗಿನ ತುದಿ ಸುಣ್ಣದ ಹಾಗೆ ಬಿಳುಚಿಕೊಳ್ಳುತ್ತದೆ; ಸರಿಯಿದ್ದರೆ ಆ ತುದಿ ತೆಳು ಕಂದು ಬಣ್ಣಕ್ಕೆ ತಿರುಗುತ್ತದೆ. ಉಸ್ತಾದನು ಎಂಜಿನ್ ಕಾಯ್ದ ಮೇಲೆ ಮಿಕ್ಸ್ಚರ್ ಸ್ಕ್ರೂವನ್ನು ಕಾಲು ಸುತ್ತು ಒಳಕ್ಕೆ, ಕಾಲು ಸುತ್ತು ಹೊರಕ್ಕೆ ತಿರುಗಿಸುತ್ತ ಅದರ ಸದ್ದು ತುಂಬಿಕೊಳ್ಳುವ ಬಿಂದುವಿನಲ್ಲಿ ಕೈ ನಿಲ್ಲಿಸುತ್ತಿದ್ದನು. ರಾಯಚೂರಿನ ಏಪ್ರಿಲ್ ಮೇ ತಿಂಗಳ 40 ಡಿಗ್ರಿ ಮೀರಿದ ಬಿಸಿಲಿನಲ್ಲಿ ಗಾಳಿ ತೆಳುವಾಗುವುದರಿಂದ ಚಳಿಗಾಲದಲ್ಲಿ ಕೂಡಿಸಿಟ್ಟ ಪ್ರಮಾಣ ಬೇಸಿಗೆಗೆ ಹೊಂದುತ್ತಿರಲಿಲ್ಲ. ಹೀಗಾಗಿ ಟ್ಯೂನಿಂಗ್ ಎಂಬುದು ಋತುವಿಗೊಮ್ಮೆ ಮರಳಿ ಬರುವ, ಗ್ಯಾರೇಜಿಗೆ ಸ್ಥಿರವಾದ ಸಂಪಾದನೆ ತರುವ ಕೆಲಸವಾಗಿತ್ತು.

ಆದರೂ ದೋಆಬಿನ ಒಳನಾಡು ಪೆಟ್ರೋಲಿನ ನಾಡಾಗಿರಲಿಲ್ಲ ಎಂಬುದನ್ನು ಇಲ್ಲಿಯೇ ಹೇಳಬೇಕು. ತುಂಗಭದ್ರಾ ಅಣೆಕಟ್ಟಿನ ನೀರು 1953ರಿಂದ ಹರಿಯತೊಡಗಿ, ಎಡದಂಡೆ ಕಾಲುವೆ ಮಾನ್ವಿ ಸಿಂಧನೂರುಗಳ ಎರೆ ಭೂಮಿಗೆ ಭತ್ತವನ್ನು ತಂದಿತು, ಆಂಧ್ರದ ಕರಾವಳಿಯಿಂದ ಬಂದ ರೈತರು ‘ಕ್ಯಾಂಪು’ಗಳನ್ನು ಕಟ್ಟಿಕೊಂಡು ನೆಲೆಸಿದರು, ಟ್ರಾಕ್ಟರು, ಅಕ್ಕಿ ಗಿರಣಿ, ಲಾರಿಗಳು ಒಂದರ ಹಿಂದೊಂದು ಬಂದವು. ಕೃಷ್ಣಾ ತೀರದ ದೇವದುರ್ಗದಲ್ಲಿ ಮಳೆಯಾಶ್ರಿತ ಜೋಳದ ಬೇಸಾಯವೇ ಬಹುಕಾಲ ಮುಂದುವರಿದು, ನಾರಾಯಣಪುರ ಬಲದಂಡೆ ಕಾಲುವೆಯ ನೀರು ತಡವಾಗಿ ತಲುಪಿದ್ದರಿಂದ ವಾಹನಗಳ ಭರಾಟೆಯೂ ತಡವಾಯಿತು. ಎರಡೂ ಕಡೆ ಬಂದದ್ದು ಬಹುಮಟ್ಟಿಗೆ ಡೀಸೆಲ್ ಎಂಜಿನ್ನುಗಳು. ಅವುಗಳ ಹೃದಯವಾದ ಇಂಧನ ಪಂಪು 1951ರಲ್ಲಿ ಸ್ಥಾಪನೆಯಾದ, ಬೆಂಗಳೂರಿನ ಮೈಕೋ ಕಂಪನಿಯದಾಗಿರುತ್ತಿದ್ದುದರಿಂದ, ಪಂಪು ನಾಜಲುಗಳ ಕೆಲಸ ಬಲ್ಲವನಿಗೆ ಸಾಮಾನ್ಯ ಮಿಸ್ತ್ರಿಗಿಂತ ಒಂದು ಮೆಟ್ಟಿಲು ಹೆಚ್ಚಿನ ಮರ್ಯಾದೆ ಇತ್ತು. ಆ ಮೈಕೋ ಜರ್ಮನಿಯ ಬಾಷ್ ಸಂಸ್ಥೆಯ ಭಾರತೀಯ ಅಂಗವಾಗಿತ್ತು. ಆಕ್ಸಿಜನ್ ಸೆನ್ಸರನ್ನು ಮೊದಲು ಮಾರುಕಟ್ಟೆಗೆ ತಂದದ್ದೂ ಅದೇ ಬಾಷ್.

ಸೆನ್ಸರಿನ ಮೂಲವಿರುವುದು ಮೋಟಾರಿಗಿಂತ ಹೆಚ್ಚಾಗಿ ದೀಪದಲ್ಲಿ. ಜರ್ಮನಿಯ ರಸಾಯನವಿಜ್ಞಾನಿ ವಾಲ್ಟರ್ ನೆರ್ನ್‌ಸ್ಟ್ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜಿರ್ಕೋನಿಯಾ ಎಂಬ ಪಿಂಗಾಣಿಯಂಥ ವಸ್ತುವಿಗೆ ಇಟ್ರಿಯಾ ಬೆರೆಸಿ ಮಾಡಿದ ಸಣ್ಣ ಕಡ್ಡಿಯನ್ನು ಕಾಯಿಸಿ ಬೆಳಗಿಸಿದನು. ಕಾಯ್ದ ಜಿರ್ಕೋನಿಯಾದ ಮೂಲಕ ಆಮ್ಲಜನಕದ ಅಯಾನುಗಳು, ಅಂದರೆ ವಿದ್ಯುದಂಶ ಹೊತ್ತ ಆಮ್ಲಜನಕದ ಕಣಗಳು, ಸಂಚರಿಸಬಲ್ಲವು. ಅದರ ಎರಡು ಬದಿಯಲ್ಲಿರುವ ಆಮ್ಲಜನಕದ ಪ್ರಮಾಣ ಬೇರೆಬೇರೆಯಾಗಿದ್ದರೆ ಅವುಗಳ ನಡುವೆ ಒಂದು ಸಣ್ಣ ವೋಲ್ಟೇಜು ಹುಟ್ಟುತ್ತದೆ. ಬಾಷ್ ಈ ತತ್ತ್ವವನ್ನು ಬಳಸಿ ಸಿದ್ಧಪಡಿಸಿದ ಲ್ಯಾಂಬ್ಡಾ ಸೆನ್ಸರನ್ನು, ಅಂದರೆ ಆಕ್ಸಿಜನ್ ಸೆನ್ಸರನ್ನು, 1976ರಲ್ಲಿ ವೋಲ್ವೋ ಸಂಸ್ಥೆ ಅಮೆರಿಕಕ್ಕೆ ಕಳುಹಿಸುವ ತನ್ನ 240 ಸರಣಿಯ ಕಾರುಗಳಲ್ಲಿ ಅಳವಡಿಸಿತು. ಒಂದು ಬದಿಗೆ ಸೈಲೆನ್ಸರ್ ಕೊಳವೆಯ ಹೊಗೆ, ಇನ್ನೊಂದು ಬದಿಗೆ ಹೊರಗಿನ ಗಾಳಿ ತಾಗುವಂತೆ ಕೂರಿಸಿದ ಈ ಉಪಕರಣವು ಹೊಗೆಯಲ್ಲಿ ಆಮ್ಲಜನಕ ಉಳಿಯದಿದ್ದರೆ ಸುಮಾರು 0.9 ವೋಲ್ಟನ್ನೂ, ಹೆಚ್ಚು ಉಳಿದಿದ್ದರೆ ಸುಮಾರು 0.1 ವೋಲ್ಟನ್ನೂ ಕೊಡುತ್ತದೆ. ತೂಕದ ಲೆಕ್ಕದಲ್ಲಿ ಒಂದು ಭಾಗ ಪೆಟ್ರೋಲಿಗೆ 14.7 ಭಾಗ ಗಾಳಿ ಎಂಬ ಪ್ರಮಾಣದ ಆಚೀಚೆ ಈ ಜಿಗಿತ ಥಟ್ಟನೆ ಆಗುವುದರಿಂದ, ಎಂಜಿನ್ನಿನ ಗಣಕ ಪೆಟ್ರೋಲನ್ನು ತುಸು ಕಡಿಮೆ, ತುಸು ಹೆಚ್ಚು ಮಾಡುತ್ತ ಆ ಗೆರೆಯ ಮೇಲೆಯೇ ಓಲಾಡುತ್ತಿರುತ್ತದೆ. ಉಸ್ತಾದನ ಕಾಲು ಸುತ್ತಿನ ಸ್ಕ್ರೂ ಕೆಲಸವನ್ನು ಅದು ಕ್ಷಣಕ್ಷಣವೂ ಮಾಡುತ್ತದೆ. ಸುಮಾರು 300 ಡಿಗ್ರಿ ಸೆಲ್ಸಿಯಸ್ ಕಾಯುವವರೆಗೆ ಸೆನ್ಸರ್ ಮಾತಾಡದ ಕಾರಣ, ಅದನ್ನು ಬೇಗ ಬಿಸಿಮಾಡುವ ಸಣ್ಣ ಹೀಟರನ್ನು 1980ರ ದಶಕದಲ್ಲಿ ಅದರೊಳಗೇ ಸೇರಿಸಲಾಯಿತು.

ಇಷ್ಟೊಂದು ಕರಾರುವಾಕ್ಕು ಏಕೆ ಬೇಕಾಯಿತೆಂದರೆ, ಹೊಗೆಯ ವಿಷವನ್ನು ನೀಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಎಂಬ ಡಬ್ಬಿ ಆ ಪ್ರಮಾಣದ ಆಸುಪಾಸಿನಲ್ಲಿ ಮಾತ್ರ ಚೆನ್ನಾಗಿ ಕೆಲಸ ಮಾಡುತ್ತದೆ. ಭಾರತದಲ್ಲಿ ಪರಿಸರ ವಕೀಲ ಎಂ. ಸಿ. ಮೆಹ್ತಾ ಅವರ ಅರ್ಜಿಗಳ ವಿಚಾರಣೆಯಲ್ಲಿ ಸುಪ್ರೀಂ ಕೋರ್ಟು ನೀಡಿದ ನಿರ್ದೇಶನಗಳ ಫಲವಾಗಿ 1995ರ ಏಪ್ರಿಲಿನಿಂದ ನಾಲ್ಕು ಮಹಾನಗರಗಳ ಹೊಸ ಪೆಟ್ರೋಲ್ ಕಾರುಗಳಿಗೆ ಈ ಡಬ್ಬಿ ಕಡ್ಡಾಯವಾಯಿತು. ಸೀಸ ಬೆರೆಸಿದ ಪೆಟ್ರೋಲು ಕನ್ವರ್ಟರನ್ನೂ ಸೆನ್ಸರನ್ನೂ ಒಟ್ಟಿಗೇ ಹಾಳುಮಾಡುವುದರಿಂದ, 2000ದ ಫೆಬ್ರವರಿಯಲ್ಲಿ ದೇಶಾದ್ಯಂತ ಸೀಸರಹಿತ ಪೆಟ್ರೋಲು ಬರುವವರೆಗೆ ಇಂಥ ಕಾರು ರಾಯಚೂರಿನಂಥ ಊರಿನಲ್ಲಿ ನೆಲೆಯೂರುವುದು ಸಾಧ್ಯವೇ ಇರಲಿಲ್ಲ. ಆಮೇಲಿನ ಕಾಲಗಣನೆ ರಾಜ್ಯದೊಳಗಿನ ಒಂದು ಅಂತರವನ್ನು ತೋರಿಸುತ್ತದೆ. ಹೊಗೆಯ ಮಿತಿಯನ್ನು ಗೊತ್ತುಪಡಿಸುವ ಭಾರತ್ ಸ್ಟೇಜ್ ನಿಯಮಗಳಲ್ಲಿ ಬೆಂಗಳೂರಿಗೆ 2005ರಲ್ಲಿ ಭಾರತ್ ಸ್ಟೇಜ್ 3, 2010ರಲ್ಲಿ ಭಾರತ್ ಸ್ಟೇಜ್ 4 ಅನ್ವಯವಾದವು. ಉಳಿದ ದೇಶದ ಜೊತೆಗೆ ರಾಯಚೂರು ಜಿಲ್ಲೆಗೆ ಅವೇ ನಿಯಮಗಳು ಕಡ್ಡಾಯವಾದದ್ದು ಕ್ರಮವಾಗಿ 2010ರಲ್ಲಿ ಮತ್ತು 2017ರ ಏಪ್ರಿಲ್‌ನಲ್ಲಿ. ಹೊಗೆಯ ಬಗೆಗಿನ ಕಾನೂನಿನಲ್ಲಿ ಜಿಲ್ಲೆ ರಾಜಧಾನಿಗಿಂತ ಐದರಿಂದ ಏಳು ವರ್ಷ ಹಿಂದೆ ನಡೆಯಿತು. ಈ ವಿಳಂಬದಿಂದ ಮಿಸ್ತ್ರಿಗಳಿಗೆ ಕಾರ್ಬೋರೇಟರಿನ ಬದುಕು ಕೆಲಕಾಲ ಹೆಚ್ಚಾಗಿ ದಕ್ಕಿತೆಂದು ಸಮಾಧಾನಪಡುವವರು ಇರಬಹುದು. ಹೊಸ ವಿದ್ಯೆ ಕಲಿಯುವ ಅವಕಾಶ ಅಷ್ಟೇ ಕಾಲ ಮುಂದೆ ಹೋಯಿತೆಂಬುದೂ ಅದರ ಇನ್ನೊಂದು ಮುಖ.

ಭಾರತ್ ಸ್ಟೇಜ್ 4ರ ಕಾರುಗಳೊಂದಿಗೆ ಒಬಿಡಿ ಎಂಬ ವ್ಯವಸ್ಥೆಯೂ ಬಂದಿತು. ಎಂಜಿನ್ನಿನ ಗಣಕ ತನ್ನ ಸೆನ್ಸರುಗಳನ್ನು ತಾನೇ ಪರೀಕ್ಷಿಸಿಕೊಂಡು, ದೋಷ ಕಂಡರೆ ಚಾಲಕನ ಮುಂದಿನ ಫಲಕದಲ್ಲಿ ಎಂಜಿನ್ ಆಕಾರದ ಹಳದಿ ದೀಪ ಬೆಳಗಿಸಿ, ಒಂದು ಸಂಕೇತಾಂಕವನ್ನು ನೆನಪಿನಲ್ಲಿಟ್ಟುಕೊಳ್ಳುವ ಏರ್ಪಾಡು ಇದು. ಸ್ಟೇರಿಂಗಿನ ಕೆಳಗಿರುವ 16 ಪಿನ್ನುಗಳ ಸಾಕೆಟ್ಟಿಗೆ ಸ್ಕ್ಯಾನರ್ ಜೋಡಿಸಿದರೆ ಆ ಅಂಕ ಪರದೆಯ ಮೇಲೆ ಮೂಡುತ್ತದೆ. ಪಿ 0135 ಎಂದರೆ ಕನ್ವರ್ಟರಿಗೆ ಮುಂಚೆ ಇರುವ ಮುಂದಿನ ಆಕ್ಸಿಜನ್ ಸೆನ್ಸರಿನ ಹೀಟರ್ ಸರ್ಕೀಟಿನ ದೋಷ, ಪಿ 0131 ಎಂದರೆ ಅದರ ವೋಲ್ಟೇಜು ತೀರ ಕಡಿಮೆ, ಪಿ 0133 ಎಂದರೆ ಅದು ನಿಧಾನವಾಗಿ ಪ್ರತಿಕ್ರಿಯಿಸುತ್ತಿದೆ, ಪಿ 0171 ಎಂದರೆ ಮಿಶ್ರಣದಲ್ಲಿ ಪೆಟ್ರೋಲು ಸಾಲುತ್ತಿಲ್ಲ ಎಂದು ಅರ್ಥ. ‘ಸ್ಕ್ಯಾನರ್ ಹಾಕುವುದು’ ಎಂಬ ಕೆಲಸಕ್ಕೆ ಪ್ರತ್ಯೇಕ ಕೂಲಿ ನಿಗದಿಯಾಯಿತು. ಬಹಳ ಗ್ಯಾರೇಜುಗಳಲ್ಲಿ ಒಂದು ದುಬಾರಿ ಅಭ್ಯಾಸವೂ ಬೆಳೆಯಿತು: ಪರದೆ ಯಾವ ಭಾಗದ ಹೆಸರು ಹೇಳುತ್ತದೋ ಆ ಭಾಗವನ್ನೇ ಬದಲಿಸುವುದು. ಸಾವಿರಾರು ರೂಪಾಯಿಯ ಹೊಸ ಸೆನ್ಸರ್ ಕೂರಿಸಿ, ದೀಪ ಆರಿಸಿ ಕಳುಹಿಸಿದ ಕಾರು ಕೆಲವೇ ದಿನಗಳಲ್ಲಿ ಅದೇ ದೀಪದೊಂದಿಗೆ ಮರಳಿ ಬರುವುದು ಈ ಅಭ್ಯಾಸದ ನೇರ ಫಲ.

ಸಂಕೇತಾಂಕದ ಮಾತನ್ನು ಸಾಕ್ಷಿಯ ಹೇಳಿಕೆಯಂತೆ ಪರಿಗಣಿಸಬೇಕೇ ಹೊರತು ತೀರ್ಪಿನಂತಲ್ಲ ಎಂಬುದಕ್ಕೆ ಪಿ 0131 ಒಳ್ಳೆಯ ಉದಾಹರಣೆ. ಸೆನ್ಸರಿಗಿಂತ ಮುಂಚೆ ಸೈಲೆನ್ಸರ್ ಕೊಳವೆಯ ಬೆಸುಗೆಯಲ್ಲೋ ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ಟಿನಲ್ಲೋ ಕೂದಲೆಳೆಯಷ್ಟು ಸೀಳು ಬಿದ್ದಿದ್ದರೆ, ಹೊಗೆಯ ಒಂದು ಹೊಡೆತಕ್ಕೂ ಇನ್ನೊಂದಕ್ಕೂ ನಡುವೆ ಅಲ್ಲಿಂದ ಹೊರಗಾಳಿ ಒಳನುಗ್ಗುತ್ತದೆ, ಸೆನ್ಸರ್ ಆ ಗಾಳಿಯ ಆಮ್ಲಜನಕವನ್ನು ಕಂಡು ಪೆಟ್ರೋಲು ಸಾಲದೆಂದು ವರದಿ ಮಾಡುತ್ತದೆ, ಗಣಕ ಅದನ್ನು ನಂಬಿ ಪೆಟ್ರೋಲು ಸುರಿಯುತ್ತದೆ, ಆವರೇಜ್ ಕುಸಿಯುತ್ತದೆ. ಇಂಥಲ್ಲಿ ಪ್ಲಗ್ ಬಿಚ್ಚಿ ನೋಡಿದರೆ ಅದು ಮಸಿ ಹಿಡಿದು ಕಪ್ಪಾಗಿರುತ್ತದೆ. ಪರದೆ ಪೆಟ್ರೋಲು ಕಡಿಮೆ ಎನ್ನುತ್ತಿದ್ದು, ಪ್ಲಗ್ ಪೆಟ್ರೋಲು ಹೆಚ್ಚು ಎನ್ನುತ್ತಿದ್ದರೆ, ಸುಳ್ಳು ಎಲ್ಲಿ ಹುಟ್ಟುತ್ತಿದೆ ಎಂದು ಹುಡುಕುವ ದಾರಿ ತಾನಾಗಿ ತೆರೆದುಕೊಳ್ಳುತ್ತದೆ. ಒಂದು ಸಿಲಿಂಡರಿನಲ್ಲಿ ಕಿಡಿ ತಪ್ಪುತ್ತಿದ್ದರೂ ಹೀಗೆಯೇ ಆಗುತ್ತದೆ, ಏಕೆಂದರೆ ಉರಿಯದೆ ಹೊರಬಿದ್ದ ಮಿಶ್ರಣದಲ್ಲಿ ಪೆಟ್ರೋಲಿನ ಜೊತೆಗೆ ಆಮ್ಲಜನಕವೂ ಉಳಿದಿದ್ದು, ಸೆನ್ಸರಿಗೆ ಕಾಣುವುದು ಆಮ್ಲಜನಕ ಮಾತ್ರ. ಕಾರ್ಬೋರೇಟರ್ ಕಾಲದ ಪ್ಲಗ್ ಪರೀಕ್ಷೆಯನ್ನು ಬಲ್ಲವನು ಸ್ಕ್ಯಾನರಿಗಿಂತ ಒಂದು ಹೆಜ್ಜೆ ಮುಂದಿರುವುದು ಇಂಥ ಕಡೆ. ಐಟಿಐಯ ಪಾಠಕ್ರಮದಲ್ಲಿ ಸ್ಕ್ಯಾನರ್ ಮಾತ್ರ ಕಲಿತು ಬಂದ ತರುಣನೂ, ಸ್ಕ್ಯಾನರನ್ನು ಮುಟ್ಟಲೊಲ್ಲದ ಹಿರಿಯನೂ ಇಲ್ಲಿ ಒಟ್ಟಿಗೇ ಸೋಲುತ್ತಾರೆ.

ಸೆನ್ಸರ್ ನಿಜವಾಗಿಯೂ ಕೆಟ್ಟಿದೆಯೇ ಎಂದು ತಿಳಿಯುವ ಕ್ರಮ ಕಷ್ಟದ್ದೇನೂ ಅಲ್ಲ. ಎಂಜಿನ್ ಚೆನ್ನಾಗಿ ಕಾಯ್ದ ಮೇಲೆ ಸ್ಕ್ಯಾನರಿನಲ್ಲಿ ಮುಂದಿನ ಸೆನ್ಸರಿನ ವೋಲ್ಟೇಜನ್ನು ಗೆರೆಯಾಗಿ ಮೂಡಿಸಿ, ಎಂಜಿನ್ನನ್ನು ನಿಮಿಷಕ್ಕೆ ಸುಮಾರು 2500 ಸುತ್ತಿನಲ್ಲಿ ಹಿಡಿದರೆ, ಆರೋಗ್ಯವಂತ ಸೆನ್ಸರಿನ ಗೆರೆ ಹತ್ತು ಸೆಕೆಂಡಿನಲ್ಲಿ ಹಲವು ಸಲ ಮೇಲಕ್ಕೂ ಕೆಳಕ್ಕೂ ದಾಟುತ್ತದೆ. ವ್ಯಾಕ್ಯೂಮ್ ಪೈಪೊಂದನ್ನು ಕಳಚಿದರೆ ಅದು ತಳಕ್ಕೆ ಇಳಿಯಬೇಕು. ಗಾಳಿ ಒಳಬರುವ ಕಡೆ ಕಾರ್ಬೋರೇಟರ್ ಕ್ಲೀನರನ್ನು ತುಸು ಸಿಂಪಡಿಸಿದರೆ 0.8, 0.9ಕ್ಕೆ ಏರಬೇಕು. ಎರಡಕ್ಕೂ ಚುರುಕಾಗಿ ಸ್ಪಂದಿಸುವ ಸೆನ್ಸರ್ ನಿರ್ದೋಷಿ. ಕನ್ವರ್ಟರಿನ ಆಚೆಗಿರುವ ಹಿಂದಿನ ಸೆನ್ಸರಿನ ಗೆರೆ ಮಾತ್ರ ಹೆಚ್ಚುಕಡಿಮೆ ನೆಟ್ಟಗಿರಬೇಕು. ಅದೂ ಮುಂದಿನದರಂತೆ ಕುಣಿದರೆ ಕನ್ವರ್ಟರ್ ಸತ್ತಿದೆ ಎಂದು ಅನುಮಾನಿಸಬೇಕು. ಹೀಟರಿನ ದೋಷವಿದ್ದರೆ ಕಪ್ಲರ್ ಬಿಚ್ಚಿ, ಮಲ್ಟಿಮೀಟರಿನಿಂದ ಹೀಟರಿನ ಎರಡು ತಂತಿಗಳ ನಡುವಿನ ರೋಧವನ್ನು ಅಳೆಯುತ್ತಾರೆ. ಕೆಲವೇ ಓಮ್‌ಗಳು ಬರಬೇಕಾದ ಕಡೆ ಏನೂ ಬಾರದಿದ್ದರೆ ಒಳಗಿನ ತಂತಿ ಹರಿದಿದೆ, ಓಮ್ ಸರಿಯಿದ್ದರೆ ಫ್ಯೂಸನ್ನೂ ವೈರಿಂಗನ್ನೂ ನೋಡಬೇಕು. ಹಳೆಯ ಕೈಗಳು ಎಲ್ಲದಕ್ಕೂ ಹಿಡಿಯುತ್ತಿದ್ದ ಟೆಸ್ಟ್ ಲ್ಯಾಂಪನ್ನು ಸಿಗ್ನಲ್ ತಂತಿಗೆ ಮುಟ್ಟಿಸಿದರೆ ಸೆನ್ಸರಿಗೂ ಗಣಕಕ್ಕೂ ಅಪಾಯವಿದೆ.

ದೋಆಬಿನಲ್ಲಿ ಸೆನ್ಸರನ್ನು ಕೆಡಿಸುವ ಕಾರಣಗಳಲ್ಲಿ ಕೆಲವು ಎಲ್ಲ ಊರಿಗೂ ಸಮಾನ: ಎಂಜಿನ್ ಆಯಿಲ್ ಸುಡುತ್ತಿದ್ದರೆ ಅದರ ಬೂದಿ, ಕಲಬೆರಕೆ ಪೆಟ್ರೋಲು, ಗ್ಯಾಸ್ಕೆಟ್ಟಿನ ಬದಲಿಗೆ ಧಾರಾಳವಾಗಿ ಮೆತ್ತಿದ ಸಿಲಿಕೋನ್ ಪೇಸ್ಟಿನ ಆವಿ. ಉಳಿದವು ಈ ನೆಲದವು. ಭತ್ತದ ಗದ್ದೆ ಮತ್ತು ಅಕ್ಕಿ ಗಿರಣಿಗಳ ಸೀಮೆಯಲ್ಲಿ ಇಲಿಗೆ ಬರವಿಲ್ಲ. ರಾತ್ರಿ ಬೆಚ್ಚಗಿನ ಎಂಜಿನ್ನಿನ ಬಳಿ ಸೇರಿ ತಂತಿ ಕಡಿದು ಹೋದ ಇಲಿ, ಪರದೆಯ ಮೇಲೆ ಸೆನ್ಸರಿನ ದೋಷವಾಗಿ ಕಾಣಿಸಿಕೊಳ್ಳುತ್ತದೆ. ಮಳೆಗಾಲದ ಎರೆ ಮಣ್ಣು ಕಾರಿನ ತಳಕ್ಕೆ ಹೆಂಟೆಯಾಗಿ ಅಂಟಿ ಕಪ್ಲರಿನೊಳಗೂ ಸೇರುತ್ತದೆ. ಇಂಥ ತಂತಿಯನ್ನು ಕೂಡಿಸುವಾಗ ಉಸ್ತಾದರ ಒಂದು ಒಳ್ಳೆಯ ಅಭ್ಯಾಸವೇ ಕೆಡುಕಾಗುತ್ತದೆ. ಗಟ್ಟಿಯಾದ ಜೋಡಣೆಗೆ ಬೆಸುಗೆ ಹಾಕಬೇಕೆಂಬುದು ಅವರ ನಿಯಮ. ಆದರೆ ಅನೇಕ ಸೆನ್ಸರುಗಳು ಹೋಲಿಕೆಗೆ ಬೇಕಾದ ಹೊರಗಾಳಿಯನ್ನು ತಂತಿಯ ಎಳೆಗಳ ನಡುವಿನ ಸಂದಿಯಿಂದಲೇ ಎಳೆದುಕೊಳ್ಳುವುದರಿಂದ, ಬೆಸುಗೆಯೂ ಗ್ರೀಸೂ ಆ ದಾರಿಯನ್ನು ಮುಚ್ಚಿಬಿಡುತ್ತವೆ. ಆದಕಾರಣ ತಂತಿಗಳನ್ನು ಒತ್ತಿ ಕೂಡಿಸುವ ಲೋಹದ ಕೊಳವೆಗಳನ್ನೇ ಬಳಸಬೇಕೆಂದು ತಯಾರಕರು ಸೂಚಿಸುತ್ತಾರೆ.

ಬದಲಿಸುವುದು ಅನಿವಾರ್ಯವಾದಾಗ ಎದುರಾಗುವುದು ಕಿಲುಬು. ವರ್ಷಗಟ್ಟಲೆ ಕಾಯ್ದು ತಣಿದ ತಿರುಪಿನ ಎಳೆಗಳು ಒಂದಕ್ಕೊಂದು ಕಚ್ಚಿಕೊಂಡಿರುವುದರಿಂದ, ಕಿಲುಬು ಬಿಡಿಸುವ ಎಣ್ಣೆ ಬಿಟ್ಟು ಕಾಯ್ದು, ಎಂಜಿನ್ ಉಗುರುಬೆಚ್ಚಗಿರುವಾಗ 22 ಮಿಲಿಮೀಟರಿನ ಪಾನಾದಿಂದಲೋ ತಂತಿ ದಾಟಲು ಸೀಳಿರುವ ಸಾಕೆಟ್ಟಿನಿಂದಲೋ ಸೆನ್ಸರನ್ನು ಸಡಿಲಿಸುತ್ತಾರೆ. ಹೊಸದರ ಎಳೆಗೆ ಮಾತ್ರ ಹಿಡಿಯದಂತೆ ತಡೆಯುವ ಪೇಸ್ಟು ಸವರಬೇಕು, ತುದಿಗೆ ತಾಗಬಾರದು. ಹಳೆಯದನ್ನು ಪೆಟ್ರೋಲಿನಲ್ಲಿ ತೊಳೆದು ಮರಳಿ ಕೂರಿಸುವ ಪದ್ಧತಿ ಕಾರ್ಬೋರೇಟರ್ ಕಾಲದ ಉಳಿಕೆ. ಮೇಲಿನ ಮಸಿ ಹೋದರೂ ಸೀಸ, ಸಿಲಿಕೋನ್‌ಗಳಿಂದ ವಿಷವೇರಿದ, ಸೆನ್ಸರಿನ ಪ್ಲ್ಯಾಟಿನಂ ಪದರ ಅದರಿಂದ ಚೇತರಿಸಿಕೊಳ್ಳುವುದಿಲ್ಲ.

ಮಾನ್ವಿ ಮತ್ತು ದೇವದುರ್ಗಗಳ ಮಟ್ಟಿಗೆ ಈ ಚರಿತ್ರೆಯ ಮುಖ್ಯ ಇಸವಿ 1995 ಅಲ್ಲ, 2010 ಕೂಡ ಅಲ್ಲ, 2020. ಆ ವರ್ಷದ ಏಪ್ರಿಲಿನಲ್ಲಿ ಭಾರತ್ ಸ್ಟೇಜ್ 6 ಇಡೀ ದೇಶಕ್ಕೆ, ಈ ಬಾರಿ ರಾಜಧಾನಿಗೂ ತಾಲ್ಲೂಕಿಗೂ ಒಂದೇ ದಿನ, ಜಾರಿಯಾದಾಗ ಹೊಸ ಮೋಟಾರ್‌ಸೈಕಲ್ಲುಗಳಲ್ಲಿ ಬಹುಪಾಲು ಕಾರ್ಬೋರೇಟರನ್ನು ಬಿಟ್ಟು, ಗಣಕದ ಆಣತಿಯಂತೆ ಪೆಟ್ರೋಲು ಸಿಂಪಡಿಸುವ ಇಂಜೆಕ್ಷನ್ನಿಗೂ ಆಕ್ಸಿಜನ್ ಸೆನ್ಸರಿಗೂ ಬದಲಾದವು. ಪೆಟ್ರೋಲ್ ಕಾರುಗಳು ವಿರಳವಾಗಿದ್ದ ಊರುಗಳಲ್ಲಿ, ಬೈಕ್ ರಿಪೇರಿಯ ಪುಟ್ಟ ಅಂಗಡಿಗಳು ಈ ಉಪಕರಣವನ್ನು ಮೊದಲು ಕೈಗೆತ್ತಿಕೊಂಡವು. 2023ರಿಂದ ದ್ವಿಚಕ್ರ ವಾಹನಗಳಿಗೆ ಒಬಿಡಿಯ ಎರಡನೆಯ ಹಂತವೂ ಅನ್ವಯವಾಗತೊಡಗಿ, ಸ್ಕ್ಯಾನರ್ ಇಲ್ಲದ ಅಂಗಡಿಗೆ ಹೊಸ ಬೈಕು ಬಿಡುವುದು ಕಡಿಮೆಯಾಯಿತು. ಅದೇ ವರ್ಷದ ಫೆಬ್ರವರಿಯಲ್ಲಿ ಬೆಂಗಳೂರಿನ ಸಮಾವೇಶವೊಂದರಲ್ಲಿ, ನೂರಕ್ಕೆ 20 ಭಾಗ ಎಥನಾಲ್ ಬೆರೆತ ಪೆಟ್ರೋಲಿನ ಮಾರಾಟಕ್ಕೆ ಚಾಲನೆ ದೊರೆಯಿತು. ಎಥನಾಲಿನಲ್ಲಿಯೇ ಆಮ್ಲಜನಕವಿರುವುದರಿಂದ ಈ ಮಿಶ್ರಣಕ್ಕೆ ಬೇಕಾದ ಗಾಳಿಯ ಪ್ರಮಾಣ 14.7ರಿಂದ ಸುಮಾರು 13.5ಕ್ಕೆ ಇಳಿಯುತ್ತದೆ; ಗಣಕವು ಸೆನ್ಸರಿನ ಮಾತು ಕೇಳಿ ಹೆಚ್ಚು ಇಂಧನ ಬಿಟ್ಟು ಅದನ್ನು ಸರಿದೂಗಿಸುತ್ತದೆ. ಈ ತಿದ್ದುಪಡಿ ತನ್ನ ಮಿತಿ ಮುಟ್ಟಿದ ಹಳೆಯ ಕಾರಿನಲ್ಲಿ ಪಿ 0171 ಕಾಣಿಸಿಕೊಂಡರೆ, ಬಿರುಕು ಬಿಟ್ಟ ಪೈಪು, ಕಟ್ಟಿಕೊಂಡ ಫಿಲ್ಟರು, ಸೋರುವ ಗ್ಯಾಸ್ಕೆಟ್ಟುಗಳ ಜೊತೆಗೆ ಟ್ಯಾಂಕಿನೊಳಗಿನ ಇಂಧನವನ್ನೂ ಪರೀಕ್ಷೆಯ ಪಟ್ಟಿಗೆ ಸೇರಿಸಬೇಕಾಗಿದೆ.